ಒಸಡಿನ ಬಣ್ಣದ ನಲ್ಲಿ

ಆ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದವು. ಒಂದು, ಐದು ಜನಕ್ಕೆ ಬೇಯಿಸಿ ಹಾಕುವ ನಿಜವಾದದ್ದು. ಕತ್ತಲು ಕತ್ತಲಾಗಿ, ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುವಷ್ಟು ಕಿರಿದು. ಇನ್ನೊಂದು ನಡುಮನೆಯಲ್ಲಿ, ಮನೆಗಿದ್ದ ಒಂದೇ ಒಂದು ದೊಡ್ಡ ಕಿಟಕಿಯ ಕೆಳಗೆ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಬಿಸಿಲು ಕಾಯಿಸಿಕೊಂಡು ನಿಂತಿತ್ತು. ಅದು ಆಟದ್ದು. ನಾಲ್ಕಡಿ ಅಗಲ, ಮಗುವಿನ ಎದೆಮಟ್ಟ ಎತ್ತರ, ಬಿಳಿ ಬಣ್ಣ ಬಳಿದ ಮರ. ಉರಿಯದ ಎರಡು ಒಲೆ, ಬಿಸಿಯಾಗದ ಒಂದು ಓವನ್, ಒಂದು ಸಿಂಕು, ಸಿಂಕಿನ ಮೇಲೆ ಬಾಗಿದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ನಲ್ಲಿ. ಆರು ವರ್ಷದ ಹಿಂದೆ ಸೊಸೆಯ ನಾದಿನಿ ತಂದುಕೊಟ್ಟದ್ದು. ಅದರಲ್ಲಿ ಆಡಬೇಕಾದ ಹುಡುಗಿಗೆ ಈಗ ಒಂಬತ್ತು ತುಂಬಿತ್ತು, ಅವಳು ಓವನ್ನಿನೊಳಗೆ ಕಾಲುಚೀಲ ತುರುಕಿಡುತ್ತಿದ್ದಳು.

ಸೊಸೆ ಹಲ್ಲು ಮಾಡುವವಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದರ ಮೇಲೆ ಮೇಣ ಕಟ್ಟಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಎರೆದು, ತಿಕ್ಕಿ ಹೊಳಪು ಕೊಡುವ ಕೆಲಸ. ಒಂದು ಲ್ಯಾಬಿನಲ್ಲಿ ಏಳು ವರ್ಷ ದುಡಿದಿದ್ದಳು. ಮಗಳು ಹುಟ್ಟಿದ ಮೇಲೆ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಬಿಡಿಸಿದರು ಅನ್ನಿ. ಉಪಕರಣಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿ ಸೇರಿ ಬೀರುವಿನ ತಲೆಯ ಮೇಲೆ ಹತ್ತಿ ಕೂತವು.

ಒಂದು ಸೋಮವಾರ ಲ್ಯಾಬಿನ ಒಡತಿಯ ಫೋನು ಬಂತು.

"ಮನೇಲೇ ಕೂತು ಮಾಡ್ತೀಯೇನೇ? ಅಚ್ಚು ನಾನು ತಂದುಕೊಡ್ತೀನಿ. ಆದ್ರೆ ಮಂಚದ ಮೇಲೆ ಕಾಲು ಚಾಚಿಕೊಂಡು ಮಾಡೋ ಕೆಲಸ ಅಲ್ಲ, ನಿನಗೇ ಗೊತ್ತು. ಕಿಟಕಿ ಪಕ್ಕ ಗಟ್ಟಿ ಮೇಜು ಬೇಕು. ಬೆಳಕೂ ಬೀಳ್ಬೇಕು, ಒಸಡಿನ ಪುಡಿ ಕಲಸೋ ಆ ದ್ರವದ ವಾಸನೇನೂ ಹೊರಗೆ ಹೋಗ್ಬೇಕು. ತಿಂಗಳ ಕೊನೇ ಶುಕ್ರವಾರ ನಾನೇ ಬಂದು ನೋಡ್ತೀನಿ. ಮೇಜು ಹಾಕಿದ್ರೆ ಕೆಲಸ ನಿಂದು. ಇಲ್ಲಾಂದ್ರೆ ಇನ್ನಿಬ್ರು ಕಾದು ಕೂತಿದ್ದಾರೆ."

ಕೈಯಲ್ಲಿ ನಾಲ್ಕು ವಾರ ಇತ್ತು. ಸೊಸೆ ಮರುದಿನ ತಿಂಡಿಯ ಹೊತ್ತಿಗೇ ಮಾತು ತೆಗೆದಳು.

"ಆ ಆಟದ ಅಡುಗೆಮನೆ ಮಾರ್ತೀನಿ," ಎಂದಳು, ಮೊಟ್ಟೆ ಬಡಿಸುತ್ತಾ. "ಆ ಜಾಗಕ್ಕೆ ನನ್ನ ಕೆಲಸದ ಮೇಜು ಬರುತ್ತೆ."

ಅತ್ತೆ ಬ್ರೆಡ್ಡನ್ನು ಟೀಗೆ ಅದ್ದಿದವರು ಹಾಗೇ ಹಿಡಿದುಕೊಂಡಿದ್ದರು. ನೆನೆದ ತುಂಡು ಲೋಟದೊಳಗೆ ಬಿತ್ತು.

"ಯಾವ ಕೆಲಸ?"

"ಹಲ್ಲಿನ ಕೆಲಸ."

"ಥೂ! ನಾವು ಉಣ್ಣೋ ಜಾಗದಲ್ಲಿ ಯಾರ್ಯಾರದೋ ಬಾಯಿ ತಂದು ಹರಡ್ಕೊಂಡು ಕೂರ್ತೀಯಾ?"

"ಬಾಯಿ ಅಲ್ಲ ಅತ್ತೆ, ಪ್ಲಾಸ್ಟರಿನ ಅಚ್ಚು."

"ಅಜ್ಜಿ, ನಿಮ್ಮ ಹಲ್ಲೂ ಯಾರೋ ಕೂತು ಮಾಡಿದ್ದೇ ಅಲ್ವಾ?" ಎಂದಳು ಹುಡುಗಿ. ಅವಳನ್ನು ಮನೆಯಲ್ಲಿ ಚೂಟಿ ಅನ್ನುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ.

ಅತ್ತೆ ತಮ್ಮ ಮೇಲಿನ ಸೆಟ್ಟನ್ನು ನಾಲಗೆಯಿಂದ ಒತ್ತಿ ಸರಿಮಾಡಿಕೊಂಡರು.

"ಹಲ್ಲಿನ ಮಾತು ಅತ್ಲಾಗಿರಲಿ. ಅದನ್ನ ಮಾರಿಬಿಟ್ಟು, ನಾಳೆ ಇನ್ನೊಂದು ಮಗು ಆದ್ರೆ ಆಡೋಕೆ ಏನು ಕೊಡ್ತೀಯ? ಹಲ್ಲು ಕೊಡ್ತೀಯಾ?"

ಅಲ್ಲಿಗೆ ಒಳಗಿದ್ದದ್ದು ಹೊರಗೆ ಬಿತ್ತು. ಆ ಸಾಮಾನು ಅಲ್ಲಿ ನಿಂತಿದ್ದದ್ದು ಚೂಟಿಗಾಗಿ ಅಲ್ಲವೇ ಅಲ್ಲ, ಇನ್ನೂ ಹುಟ್ಟದ ಮೊಮ್ಮಗುವಿಗಾಗಿ. ಅತ್ತೆ ಪ್ರತಿ ಭಾನುವಾರ ಒದ್ದೆ ಬಟ್ಟೆ ಹಿಡಿದು ಅದರ ಒಲೆ, ಓವನ್ನು, ಸಿಂಕು, ಮೂಲೆ ಮುಡುಕು ಎಲ್ಲ ಒರೆಸುತ್ತಿದ್ದರು. ನಿಜವಾದ ಒಲೆಗೆ ಆ ಭಾಗ್ಯ ಇರಲಿಲ್ಲ.

"ಇನ್ನೊಂದು ಮಗು ಇಲ್ಲ ಅತ್ತೆ. ಒಂದೇ ಸಾಕು ಅಂತ ನಾವಿಬ್ರೂ ತೀರ್ಮಾನ ಮಾಡಿ ಮೂರು ವರ್ಷ ಆಯ್ತು."

"ನಾವಿಬ್ರೂ ಅಂದ್ರೆ? ಇವನೂನಾ?"

ಗಂಡ ಲಿಫ್ಟ್ ಮೆಕ್ಯಾನಿಕ್. ಅವನು ಅಷ್ಟು ಹೊತ್ತಿಗಾಗಲೇ ಕೈ ತೊಳೆದು ಬೂಟಿನ ಲೇಸು ಬಿಗಿಯುತ್ತಿದ್ದ. "ನೀವಿಬ್ರೂ ಮಾತಾಡ್ಕೊಳ್ಳಿ. ಹನ್ನೆರಡನೇ ಮಹಡೀಲಿ ಜನ ಸಿಕ್ಕಾಕ್ಕೊಂಡಿದ್ದಾರೆ," ಎಂದು ಹೊರಟೇಬಿಟ್ಟ. ಮನೆಯಲ್ಲಿ ಜಗಳ ಎದ್ದಾಗಲೆಲ್ಲ ಅವನಿಗೆ ಎಲ್ಲಾದರೊಂದು ಮಹಡಿಯಲ್ಲಿ ಜನ ಸಿಕ್ಕಿಹಾಕಿಕೊಂಡೇ ಇರುತ್ತಿದ್ದರು.

ಅತ್ತೆ ಬೇಡ ಅಂದರೆ ಆ ಮನೆಯಲ್ಲಿ ಬೇಡ ಅಂತಲೇ ಅರ್ಥ. ಸೊಸೆಯೂ ಹತ್ತು ವರ್ಷ ಹಾಗೇ ನಡೆದುಕೊಂಡು ಬಂದವಳು. ಆದರೆ ಈ ಸಲ ಅವಳು ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ನೇರವಾಗಿ ಮಗಳ ಹತ್ತಿರ ಹೋದಳು.

"ಸಾಮಾನು ನಿಂದು. ಮಾರ್ಲಾ?"

"ಮಾರು. ಆದ್ರೆ ಜಾಹೀರಾತು ನಾನೇ ಬರೀತೀನಿ."

ಫೋನಿನಲ್ಲಿ ಹಳೆಯ ಸಾಮಾನು ಮಾರುವ ಒಂದು ಜಾಲತಾಣ ಇತ್ತು. ಸೊಸೆ ನಾಲ್ಕು ಕಡೆಯಿಂದ ಫೋಟೊ ತೆಗೆದಳು. ಚೂಟಿ ಬರೆದಳು: 'ಒಲೆ ಉರಿಯಲ್ಲ. ನಲ್ಲೀಲಿ ನೀರು ಬರಲ್ಲ. ಆದರೆ ಎಲ್ಲಾ ಬಾಗಿಲು ಸರಿಯಾಗಿ ಮುಚ್ಚುತ್ತೆ. ನಾನು ಚೆನ್ನಾಗಿ ನೋಡ್ಕೊಂಡಿದ್ದೀನಿ, ಅಜ್ಜಿ ಇನ್ನೂ ಚೆನ್ನಾಗಿ ನೋಡ್ಕೊಂಡಿದ್ದಾರೆ.' ಸೊಸೆ ಒಂದಕ್ಷರ ತಿದ್ದಲಿಲ್ಲ.

ಒಂಬತ್ತು ದಿನ ಯಾರೂ ಕೇಳಲಿಲ್ಲ. ಅತ್ತೆಯ ಮುಖ ದಿನದಿನಕ್ಕೆ ಅರಳಿತು. ಹತ್ತನೆಯ ದಿನ ದೂರದೂರಿನ ಒಬ್ಬಾಕೆ, ಅವಳಿ ಗಂಡುಮಕ್ಕಳ ತಾಯಿ, ಸಂದೇಶ ಹಾಕಿದಳು. ಎರಡೇ ಮಾತಿನಲ್ಲಿ ವ್ಯಾಪಾರ ಕುದುರಿತು. ಕಳಿಸುವ ಖರ್ಚೂ ಸೇರಿಯೇ ಬೆಲೆ ಎಂದು ಸೊಸೆ ಒಪ್ಪಿಬಿಟ್ಟಳು, ಆಕೆ ಪೂರ್ತಿ ದುಡ್ಡನ್ನೂ ಹಾಕಿಬಿಟ್ಟಳು. ಕೊನೆಗೆ ಒಂದು ಸಾಲು ಬಂತು, ಅದನ್ನು ಚೂಟಿ ಮನೆಗೆಲ್ಲ ಕೇಳುವ ಹಾಗೆ ಓದಿದಳು: 'ನಲ್ಲಿ ಇದೆ ತಾನೇ? ಚಿಕ್ಕವನು ಫೋಟೊ ನೋಡಿದಾಗಿಂದ ನಲ್ಲಿ ನಲ್ಲಿ ಅಂತ ಪ್ರಾಣ ತಿಂತಿದ್ದಾನೆ.'

ಅತ್ತೆ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಅವರಿಗೂ ಕೇಳಿಸಿತು.

ಅದೇ ದಿನ ಅವರು ಮಗಳಿಗೆ ಫೋನು ಮಾಡಿದರು. ಸಂಜೆಯೊಳಗೆ ನಾದಿನಿ ಲೈನಿಗೆ ಬಂದಳು.

"ನಾನು ಪ್ರೀತಿಯಿಂದ ಕೊಟ್ಟದ್ದನ್ನ ಮಾರ್ತಿದ್ದೀಯಂತೆ?"

"ಹೌದು. ನಿಮಗೆ ಬೇಕಾದ್ರೆ ಈಗ್ಲೇ ಬಂದು ತಗೊಂಡು ಹೋಗಿ, ಅವರ ದುಡ್ಡು ವಾಪಸ್ ಮಾಡ್ತೀನಿ."

"ಅಯ್ಯೋ, ನಮ್ಮನೇಲಿ ಅದಕ್ಕೆಲ್ಲಿದೆಯೇ ಜಾಗ!"

"ನಮ್ಮನೇಲೂ ಇಲ್ಲ," ಎಂದು ಸೊಸೆ ಫೋನಿಟ್ಟಳು.

ಕಷ್ಟ ಶುರುವಾದದ್ದು ಪಾರ್ಸೆಲ್ ಕಚೇರಿಯವನು ಮನೆಗೆ ಬಂದಾಗ. ಸೊಸೆ ಮೊದಲೇ ಎರಡೆರಡು ಸಲ ತೂಗಿ ನೋಡಿದ್ದಳು, ಇಪ್ಪತ್ತೆರಡು ಕಿಲೊ, ಲೆಕ್ಕ ಸರಿಯಾಗಿಯೇ ಇತ್ತು. ಆ ಮನುಷ್ಯ ತೂಕದ ಸುದ್ದಿಯನ್ನೇ ಎತ್ತಲಿಲ್ಲ. ಟೇಪು ಬಿಚ್ಚಿ ಉದ್ದ, ಅಗಲ, ಎತ್ತರ ಅಳೆದು ಒಂದು ಮೊತ್ತ ಹೇಳಿದ. ಮಾರಿದ ಬೆಲೆಗಿಂತ ಅದೇ ಹೆಚ್ಚಿತ್ತು.

"ಯಾಕಣ್ಣಾ ಅಷ್ಟು? ಭಾರ ಏನೂ ಇಲ್ವಲ್ಲ."

"ಭಾರ ಅಲ್ಲಮ್ಮ, ಜಾಗ. ಗಾಡೀಲಿ ಎಷ್ಟು ಜಾಗ ತಿನ್ನುತ್ತೋ ಅಷ್ಟಕ್ಕೆ ದುಡ್ಡು. ಇದರೊಳಗೆಲ್ಲ ಬರೀ ಗಾಳಿ ತುಂಬಿದೆ, ಆ ಗಾಳಿಗೂ ನೀವು ಟಿಕೆಟ್ ತಗೋಬೇಕು."

"ನಮ್ಮ ಮನೇಲೂ ಅದೇ ಜಗಳ ನಡೀತಿದೆ. ಏನು ಮಾಡ್ಬೇಕು ಹೇಳಿ."

"ಬಿಚ್ಚಿ, ಹಲಗೆ ಮೇಲೆ ಹಲಗೆ ಇಟ್ಟು, ಒಂದು ಗೇಣು ದಪ್ಪದ ಎರಡು ಪೆಟ್ಟಿಗೆ ಮಾಡಿಕೊಡಿ. ಮಾಮೂಲಿ ದರಕ್ಕೆ ಹೋಗುತ್ತೆ. ಬುಧವಾರ ಗಾಡಿ ಹೊರಡುತ್ತೆ."

ಬಿಚ್ಚುವ ಮಾತು ಕೇಳಿ ಮಾವ ಪೇಪರು ಕೆಳಗಿಟ್ಟು ನಗುವುದಕ್ಕೆ ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು.

ಮಾವ ಮೂವತ್ತೈದು ವರ್ಷ ಬಸ್ಸಿನ ಬಾಡಿ ಕಟ್ಟಿದವರು. ಜೀವನದಲ್ಲಿ ಅವರಿಗೆ ಆಗಿಬಾರದ್ದು ಒಂದೇ, ಗಡಗಡ ಸದ್ದು. ಕುರ್ಚಿ ಕಿರುಗುಟ್ಟಿದರೆ ಊಟ ಬಿಟ್ಟು ಎದ್ದು ಹೋಗಿ ಬಿಗಿದು ಬರುವ ಜಾತಿ. ಆರು ವರ್ಷದ ಹಿಂದೆ ಈ ಆಟದ ಸಾಮಾನು ಹಲಗೆ ಹಲಗೆಯಾಗಿ ಬಂದಾಗ ಜೋಡಿಸಿದವರು ಅವರೇ. ಐವತ್ತಾರು ಬೋಲ್ಟುಗಳನ್ನಷ್ಟೇ ಹಾಕಿ ಎಂದು ಕಾಗದದಲ್ಲಿತ್ತು. ಬರೀ ಬೋಲ್ಟು ಹಾಕಿದರೆ ನಾಳೆ ಅಲ್ಲಾಡುತ್ತದೆ ಎಂದು ಮಾವ ಪ್ರತಿ ಸಂದಿಗೂ ಮರದ ಅಂಟು ಬಳಿದು, ಮೂರು ದಿನ ಹಗ್ಗ ಬಿಗಿದು ಒಣಗಿಸಿದ್ದರು.

"ಈ ಜನ್ಮದಲ್ಲಿ ಬಿಚ್ಚೋಕಾಗಲ್ಲ," ಎಂದರು. ಅದರಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. "ಆನೆ ಬಂದು ಒದ್ದರೂ ಒಂದು ಸಂದಿ ಬಾಯಿ ಬಿಡಲ್ಲ. ನನ್ನ ಕೈಕೆಲಸ."

"ನೋಡಿದ್ಯಾ," ಎಂದರು ಅತ್ತೆ. "ಆ ಸಾಮಾನಿಗೇ ಈ ಮನೆ ಬಿಟ್ಟು ಹೋಗೋ ಮನಸ್ಸಿಲ್ಲ. ಸುಮ್ನೆ ಆ ಹೆಂಗಸಿನ ದುಡ್ಡು ವಾಪಸ್ ಹಾಕಿ, ತೆಪ್ಪಗೆ ಇರು."

"ಮಾತು ಕೊಟ್ಟಿದ್ದೀನಿ ಅತ್ತೆ. ಕಳಿಸ್ತೀನಿ."

"ಯಾರ ಧೈರ್ಯದ ಮೇಲೆ?"

"ನನ್ನದೇ."

ಸೊಸೆ ಸ್ಟೂಲು ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಒಳಗೆ ಮೇಣ ಕೆತ್ತುವ ತೆಳ್ಳನೆ ಚಾಕುಗಳು, ಸಣ್ಣ ಸ್ಪಿರಿಟ್ ದೀಪ, ಅರಗಳು, ಒಂದು ಸೀಸೆ ಗುಲಾಬಿ ಪುಡಿ ಎಲ್ಲ ಇಟ್ಟ ಹಾಗೇ ಇದ್ದವು. ಕೈ ಒಂದು ಕ್ಷಣವೂ ತಡವರಿಸಲಿಲ್ಲ. ನೆಲದ ಮೇಲೆ ಕೂತು ಮೊದಲು ಬೋಲ್ಟುಗಳನ್ನು ಬಿಚ್ಚಿದಳು. ಆಮೇಲೆ ಕುದಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದೊಂದು ಸಂದಿಗೂ ಸುತ್ತಿ, ಅಂಟು ಮೆತ್ತಗಾಗುವವರೆಗೆ ಕಾದು, ದೀಪದಲ್ಲಿ ಬಿಸಿ ಮಾಡಿದ ಚಾಕುವನ್ನು ಕೂದಲೆಳೆಯಷ್ಟು ತೂರಿಸಿ ಎಳೆದಳು. ತಣ್ಣಗಾಯಿತೋ, ಮತ್ತೆ ಬಟ್ಟೆ, ಮತ್ತೆ ದೀಪ. ಬೆಳಗಿನ ಅಡುಗೆ ಮುಗಿಸಿ ಕೂತರೆ ಮಧ್ಯಾಹ್ನದ ಊಟದವರೆಗೆ, ಊಟದ ಪಾತ್ರೆ ತೊಳೆದು ಕೂತರೆ ಮಗಳು ಶಾಲೆಯಿಂದ ಬರುವವರೆಗೆ. ಮೊದಲ ದಿನ ಒಂದೇ ಒಂದು ಹಲಗೆ ಬಂತು. ಬೆರಳು ಮೂರು ಕಡೆ ಸುಟ್ಟಿತು.

ಮಾವ ಮೊದಲ ದಿನ ಪೇಪರಿನ ಹಿಂದಿನಿಂದ ನೋಡಿದರು. ಎರಡನೆಯ ದಿನ ಪೇಪರು ಮಡಚಿಟ್ಟು ನೋಡಿದರು. ಮೂರನೆಯ ದಿನ ಓವನ್ನಿನ ಹಿಂಬದಿಯ ದೊಡ್ಡ ಹಲಗೆ ಬಣ್ಣ ಒಂದಿಷ್ಟೂ ಕೀಳದೆ ಕಳಚಿ ಬಂದಾಗ ಅವರ ಬಾಯಿಯಿಂದ ತಾನಾಗಿಯೇ ಹೊರಟಿತು.

"ಎಲ್ಲಿ ಕಲಿತೆಯೇ ಈ ವಿದ್ಯೆ?"

"ಹಲ್ಲು ಕೀಳದೆ ಅಚ್ಚು ಬಿಡಿಸೋದು ಇದಕ್ಕಿಂತ ಕಷ್ಟ ಮಾವ."

ಮಾವ ಮಡಚಿಟ್ಟ ಪೇಪರನ್ನು ಮತ್ತೆ ಬಿಡಿಸಿಕೊಂಡರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ, ಸೋಲೊಪ್ಪುವ ಅಭ್ಯಾಸ ಮೊದಲೇ ಇರಲಿಲ್ಲ.

ಐದನೆಯ ದಿನ, ಸೋಮವಾರ ಬೆಳಿಗ್ಗೆ, ಹಲಗೆಗಳೆಲ್ಲ ಗೋಡೆಗೆ ಒರಗಿ ನಿಂತಿದ್ದವು. ಸಣ್ಣ ಭಾಗಗಳನ್ನು ಸೊಸೆ ಒಂದು ತಟ್ಟೆಯಲ್ಲಿಟ್ಟಿದ್ದಳು. ತಿರುಗಣೆ ನಾಲ್ಕು, ಹಿಡಿಕೆ ಮೂರು, ನಲ್ಲಿ ಒಂದು. ಕಸ ಹಾಕಿ ಬರುವಷ್ಟರಲ್ಲಿ ತಿರುಗಣೆ ನಾಲ್ಕಿದ್ದವು, ಹಿಡಿಕೆ ಮೂರಿದ್ದವು, ನಲ್ಲಿ ಇರಲಿಲ್ಲ.

"ಅತ್ತೆ, ನಲ್ಲಿ ಎಲ್ಲಿ?"

"ನನಗೇನು ಗೊತ್ತು? ಬಿಚ್ಚಿ ಹರಡಿಕೊಂಡವಳು ನೀನು." ಅತ್ತೆ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ನಲ್ಲಿ ಇಲ್ದೇ ಇರೋ ಸಾಮಾನು ಆಯಮ್ಮ ತಗೊಳ್ಳಲ್ಲ ಬಿಡು. ಆ ಮಗುವಿಗೆ ಅದೇ ತಾನೇ ಮುಖ್ಯ?"

ಸೊಸೆಗೆ ಎಲ್ಲ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು. ಐದು ದಿನ ಬೆರಳು ಸುಟ್ಟುಕೊಂಡದ್ದು, ಕಾದು ಕೂತ ಆ ತಾಯಿ, ಶುಕ್ರವಾರ ಬರಲಿರುವ ಲ್ಯಾಬಿನ ಒಡತಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಳಲಿಲ್ಲ. ಅತ್ತೆಯ ಮುಂದೆ ಅತ್ತರೆ ಅಲ್ಲಿಗೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

ಚೂಟಿ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಬಂದು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಜ್ಜಿ ಬೀರೂಲಿದೆ. ಉಣ್ಣೆ ಶಾಲಿನ ಕೆಳಗೆ. ನಾನು ನೋಡ್ದೆ. ತಂದುಬಿಡ್ಲಾ?"

"ಬೇಡ. ನೀನು ಆ ಬೀರು ಮುಟ್ಟಬೇಡ."

"ಯಾಕಮ್ಮಾ? ನಮ್ಮದೇ ಅಲ್ವಾ?"

"ಕದ್ದದ್ದನ್ನ ಕದ್ದು ತರೋ ಕರ್ಮ ನನಗ್ಯಾಕೆ? ನನಗೆ ಕೈ ಇದೆ." ಇದನ್ನು ಅವಳು ಪಿಸುಗುಟ್ಟಲಿಲ್ಲ. ಬಟಾಣಿ ಸುಲಿಯುವವರಿಗೂ ಕೇಳುವ ಹಾಗೆಯೇ ಹೇಳಿದಳು.

ಲ್ಯಾಬಿಗೆ ಹೋಗಿ ಒಂದು ಪುಟ್ಟ ಸೀಸೆ ದ್ರವ, ಒಂದು ಪೊಟ್ಟಣ ಪ್ಲಾಸ್ಟರು ತಂದಳು. ಫೋಟೊವನ್ನು ಹಿಗ್ಗಿಸಿ ಮುಂದಿಟ್ಟುಕೊಂಡು ಮೇಣದಲ್ಲಿ ನಲ್ಲಿಯನ್ನು ಕೆತ್ತಿದಳು, ಬಾಗು, ಬಾಯಿ, ಬುಡದ ಬಳೆ, ಎಲ್ಲ. ಅದನ್ನು ಪ್ಲಾಸ್ಟರಿನೊಳಗೆ ಹುದುಗಿಸಿ, ಗಟ್ಟಿಯಾದ ಮೇಲೆ ಕುದಿನೀರು ಹೊಯ್ದು ಮೇಣ ಕರಗಿಸಿ ತೆಗೆದಳು. ಉಳಿದ ಟೊಳ್ಳಿನೊಳಗೆ ಗುಲಾಬಿ ಪುಡಿ ಮತ್ತು ದ್ರವ ಕಲಸಿ ತುಂಬಿದಳು. ಅವಳ ಬಳಿ ಇದ್ದದ್ದು ಒಸಡಿನ ಬಣ್ಣವೊಂದೇ. ಮನೆಯೆಲ್ಲ ಘಾಟು ಹಬ್ಬಿತು. ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ನಡೆದರು, ಮಾವ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದರು. ಪ್ಲಾಸ್ಟರು ಒಡೆದಾಗ ಒಳಗಿಂದ ನಲ್ಲಿ ಬಂತು. ಸಂಜೆಯವರೆಗೂ ಅರದಿಂದ ಉಜ್ಜಿ, ಬಟ್ಟೆಯಿಂದ ತಿಕ್ಕಿ, ಹಲ್ಲಿನ ಸೆಟ್ಟಿಗೆ ಕೊಡುವಷ್ಟೇ ಹೊಳಪು ಕೊಟ್ಟಳು.

ಫೋಟೊ ತೆಗೆದು ಆ ತಾಯಿಗೆ ಕಳಿಸಿ, ಬರೆದಳು: 'ಹಳೇ ನಲ್ಲಿ ಸಿಗ್ತಿಲ್ಲ. ನಾನೇ ಮಾಡಿದ್ದು ಇದು. ಬಣ್ಣ ಬೇರೆ. ಬೇಡ ಅಂದ್ರೆ ದುಡ್ಡು ವಾಪಸ್ ಕೊಡ್ತೀನಿ.' ಉತ್ತರ ಬರುವವರೆಗೆ ನಾಲ್ಕು ಸಲ ಫೋನು ಕೈಗೆತ್ತಿಕೊಂಡಳು. ಕೊನೆಗೆ ಬಂತು: 'ಅವನಿಗೆ ಬೆಳ್ಳೀದಕ್ಕಿಂತ ಇದೇ ಬೇಕಂತೆ. ಒಂದೇ ಭಯ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ.'

'ಧಾರಾಳವಾಗಿ ಕಚ್ಚಲಿ,' ಎಂದು ಸೊಸೆ ಬರೆದಳು. 'ಬಾಯಲ್ಲಿಡೋಕೇ ಅಂತ ಇರೋ ವಸ್ತು ಅದು.'

ಆ ಸಂಜೆ ಗಂಡ ಬಂದು ಊಟಕ್ಕೆ ಕೂತವನು ಮೇಜಿನ ಮೇಲೆ ಗುಲಾಬಿ ನಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆ ತಟ್ಟೆಗಳನ್ನು ಕುಕ್ಕಿದಳು.

"ನಗೋದು ಆಮೇಲೆ ನಗಿ. ಅಮ್ಮನಿಗೆ ಹೇಳೋದಿದೆಯಲ್ಲ, ಅದನ್ನ ಮೊದಲು ಹೇಳಿ. ಮೂರು ವರ್ಷದಿಂದ ಹೇಳ್ತೀನಿ ಹೇಳ್ತೀನಿ ಅಂತ ತಪ್ಪಿಸ್ಕೊಂಡು ಓಡಾಡ್ತಿದ್ದೀರಿ. ಇವತ್ತು ಯಾವ ಲಿಫ್ಟೂ ನಿಂತಿಲ್ಲ."

ಗಂಡ ಅಮ್ಮನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಯಾರೂ ಕೈ ಹಿಡಿಯಲಿಲ್ಲ. ಬಾಯಲ್ಲಿದ್ದ ತುತ್ತು ನುಂಗಿದ.

"ಅಮ್ಮಾ, ಇನ್ನೊಂದು ಮಗು ಬೇಡ ಅಂತ ಮೊದಲು ಅಂದದ್ದು ನಾನೇ. ಇವಳಲ್ಲ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

"ಹಾಗಾದ್ರೆ ಇಷ್ಟು ವರ್ಷ ನಾನು ವಾರ ವಾರ ಒರೆಸಿದ್ದು ಯಾರಿಗೆ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನನಗೊಂದು ಮಾತು ಹೇಳ್ಬಹುದಿತ್ತು," ಎಂದರು ಅತ್ತೆ. "ಪ್ರತಿ ಭಾನುವಾರ ನೋಡ್ತಿದ್ದೆ ನೀನು, ನಾನು ಬಟ್ಟೆ ಹಿಡ್ಕೊಂಡು ಅದರ ಮುಂದೆ ಕೂರೋದನ್ನ. ಬಾಯಿ ಮುಚ್ಕೊಂಡು ನೋಡ್ತಿದ್ದೆ." ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಸೊಸೆಗೆ ನಿಜಕ್ಕೂ ಪಾಪ ಅನ್ನಿಸಿತು. ಆದರೂ ಮರುದಿನ ಬೆಳಿಗ್ಗೆ ಫ್ರಿಜ್ಜಿನ ಅಂಗಡಿಗೆ ಹೋಗಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಕೇಳಿ ತಂದಳು.

ಅವಳು ಹಲಗೆ ಜೋಡಿಸಿ, ಮೇಲೆ ಕೆಳಗೆ ರಟ್ಟಿಟ್ಟು ಟೇಪು ಸುತ್ತತೊಡಗಿದ್ದಳು. ಮಾವ ಹತ್ತು ನಿಮಿಷ ತಡೆದುಕೊಂಡರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ.

"ನಿಲ್ಲಿಸು, ನಿಲ್ಲಿಸು! ಹೀಗೆ ಕಳಿಸಿದ್ರೆ ರಸ್ತೇಲಿ ಮೊದಲನೇ ಗುಂಡಿಗೇ ಎಲ್ಲಾ ಮುಗೀತು. ಹಲಗೆ ಹಲಗೆ ಉಜ್ಜಾಡಿ ಬಣ್ಣ ಪುಡಿಪುಡಿ ಆಗುತ್ತೆ."

"ನೀವು ಮಾರೋದಕ್ಕೆ ವಿರುದ್ಧ ಅಲ್ವಾ ಮಾವ?"

"ವಿರುದ್ಧಾನೇ. ಆದ್ರೆ ಗಡಗಡ ಅನ್ನೋದಕ್ಕೆ ಇನ್ನೂ ವಿರುದ್ಧ. ಸರಿ ಆಚೆಗೆ."

ಅವರು ಪಂಚೆ ಮೇಲೆ ಕಟ್ಟಿ ನೆಲಕ್ಕೆ ಕೂತರು. ಹಲಗೆ ಹಲಗೆಯ ನಡುವೆ ಹಳೆಯ ಪೇಪರು ನಾಲ್ಕು ಪದರ. ಮೂಲೆಗಳಿಗೆ ರಟ್ಟು ಮಡಚಿ ಮಾಡಿದ ಟೋಪಿ. ಒಳಗೆ ಎಲ್ಲೆಲ್ಲಿ ಬೆರಳು ತೂರುತ್ತದೋ ಅಲ್ಲೆಲ್ಲ ಹರಿದ ಬಟ್ಟೆ ತುರುಕಿದರು. ತಿರುಗಣೆ, ಹಿಡಿಕೆ, ಬೋಲ್ಟುಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಸಿಂಕಿನ ಗುಳಿಯೊಳಗೆ ಕೂರಿಸಿದರು, ನಲ್ಲಿಯನ್ನು ಚೂಟಿಯ ಹಳೆಯ ಕಾಲುಚೀಲದೊಳಗೆ ತೂರಿಸಿದರು. ಚೂಟಿ ಯಾವ ಹಲಗೆ ಯಾವುದಕ್ಕೆ ಎಂದು ಸಂಖ್ಯೆ ಹಾಕಿ ಜೋಡಿಸುವ ಚಿತ್ರ ಬರೆದಳು. ಮಾವ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಸೇರಿಸಿದರು: 'ಅಂಟು ಹಾಕಬೇಡಿ.' ಬರೆದು ಒಂದು ಕ್ಷಣ ಅದನ್ನೇ ನೋಡಿದರು. ಕೊನೆಗೆ ಎರಡೂ ಪೆಟ್ಟಿಗೆ ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿದರು. ಪಿಟ್ಟೆನ್ನುವ ಸದ್ದೂ ಇಲ್ಲ.

"ಈಗ ಕಳಿಸು," ಎಂದರು.

ಬುಧವಾರ ಹತ್ತು ಗಂಟೆಗೆ ಪಾರ್ಸೆಲ್ಲಿನವನು ಬಂದ. ಟೇಪು ಹಿಡಿದ, ಅಳೆದ, ಮಾಮೂಲಿ ದರದ ರಸೀತಿ ಹರಿದುಕೊಟ್ಟ. ಎರಡೂ ಪೆಟ್ಟಿಗೆ ಮೆಟ್ಟಿಲಿಳಿದು ಗಾಡಿ ಹತ್ತಿದವು. ಸೊಸೆ ಗಾಡಿ ತಿರುವು ದಾಟುವವರೆಗೆ ಬೀದಿಯಲ್ಲಿ ನಿಂತು, ಬಂದು, ಕಿಟಕಿಯ ಕೆಳಗಿನ ನೆಲ ಗುಡಿಸಿ ಒರೆಸಿದಳು. ಅಷ್ಟು ವರ್ಷ ಬಿಸಿಲು ಕಾಣದ ನೆಲ ನಾಲ್ಕಡಿ ಉದ್ದಕ್ಕೆ ಬೇರೆಯೇ ಬಣ್ಣವಾಗಿತ್ತು. ಗಂಡನೂ ಅವಳೂ ಸೇರಿ ಮಾರಿದ ದುಡ್ಡಿನಲ್ಲಿ ಒಂದು ಗಟ್ಟಿ ಮೇಜು ಕೊಂಡು ತಂದು ಕಿಟಕಿಗೆ ಆನಿಸಿದರು. ನಡುಮನೆಯ ಕಂಬಕ್ಕೂ ಅಲ್ಲಿದ್ದ ಬೀರುವಿಗೂ ನಡುವೆ, ಮೇಜಿನ ಮುಂದೆ ಸರಿಯಾಗಿ ಒಂದು ಕುರ್ಚಿಯಷ್ಟು ಜಾಗ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಆ 'ಒಂದು ಕುರ್ಚಿಯಷ್ಟು ಜಾಗ'ದಲ್ಲಿ ಅತ್ತೆ ಒಂದು ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಶಾಲು, ಕೈಯಲ್ಲಿ ಟೀ ಲೋಟ.

"ಅತ್ತೆ, ಹನ್ನೊಂದಕ್ಕೆ ಅವರು ಬರ್ತಾರೆ."

"ಬರಲಿ."

"ನಾನು ಕೂರೋ ಜಾಗ ಅದು."

"ನನಗೂ ವಯಸ್ಸಾಯ್ತು, ನನಗೂ ಬೆಳಕು ಬೇಕು. ಮಗು ಬೇಡ ಅಂತ ನೀವು ನೀವೇ ತೀರ್ಮಾನ ಮಾಡ್ಕೊಂಡ್ರಿ. ಸಾಮಾನು ಮಾರೋದೂ ನೀವೇ ತೀರ್ಮಾನ ಮಾಡಿದ್ರಿ. ಈ ಜಾಗದ ತೀರ್ಮಾನ ನಂದು. ಜಪ್ಪಯ್ಯ ಅಂದ್ರೂ ಏಳಲ್ಲ."

"ಅಮ್ಮಾ, ಏಳಮ್ಮಾ," ಎಂದ ಗಂಡ.

"ನೀನು ಮಾತಾಡ್ಬೇಡ. ಮೂರು ವರ್ಷ ಮಾತಾಡ್ದೇ ಇದ್ದವನು ಇವತ್ತೂ ಸುಮ್ನಿರು."

ಮಾವ ಕಣ್ಣಲ್ಲೇ ಸೊಸೆಗೆ, ನನ್ನ ಕೈಲಾಗದು ಎಂದರು. ಹನ್ನೊಂದು ಹೊಡೆಯುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಲ್ಯಾಬಿನ ಒಡತಿ ಒಂದು ಟ್ರೇ ತುಂಬ ಅಚ್ಚು ಹಿಡಿದು ಒಳಗೆ ಬಂದಳು. ಮೇಜು ನೋಡಿದಳು, ಕಿಟಕಿ ನೋಡಿದಳು, ಕುರ್ಚಿ ನೋಡಿದಳು.

"ಇವರು?"

"ನಮ್ಮತ್ತೆ. ಜಾಗ ಬಿಡಲ್ಲ ಅಂತ ಕೂತಿದ್ದಾರೆ." ಸೊಸೆ ಕುರ್ಚಿಯ ಪಕ್ಕ, ಬೀರುವಿಗೆ ಭುಜ ಆನಿಸಿ, ಮೇಜಿನ ತುದಿಗೆ ನಿಂತಳು. "ನಾನೂ ಬಿಡಲ್ಲ ಅಂತ ನಿಂತಿದ್ದೀನಿ. ಟ್ರೇ ಇಲ್ಲಿಡಿ."

ಒಡತಿ ಇಬ್ಬರ ಮುಖವನ್ನೂ ನೋಡಿದಳು. ಟ್ರೇಯಿಂದ ಒಂದೇ ಒಂದು ಅಚ್ಚು ತೆಗೆದು ಮೇಜಿನ ಮೇಲಿಟ್ಟಳು. "ಒಂದು ಮಾಡಿ ತೋರಿಸು. ಮುಂದಿನ ಶುಕ್ರವಾರಕ್ಕೆ."

ಆ ವಾರ ಪೂರ್ತಿ ಆ ಮನೆಯಲ್ಲಿ ಹೀಗೇ ನಡೆಯಿತು. ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಅತ್ತೆ ಬಂದು ಕುರ್ಚಿಯಲ್ಲಿ ಕೂರುವರು. ಸೊಸೆ ಪಾತ್ರೆ ತೊಳೆದು ಬಂದು ಮೇಜಿನ ತುದಿಗೆ ನಿಲ್ಲುವಳು. ನಿಂತೇ ಮೇಣ ಕರಗಿಸಿದಳು, ನಿಂತೇ ಹಲ್ಲು ಜೋಡಿಸಿದಳು. ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಬೀನ್ಸ್ ಹೆಚ್ಚುತ್ತಿದ್ದಳು. ಅತ್ತೆಗೂ ಸುಖವೇನಿರಲಿಲ್ಲ. ಎದ್ದರೆ ಜಾಗ ಹೋಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮಾವ ಎರಡು ಸಲ ಕುರ್ಚಿಯ ಕಾಲು ಪರೀಕ್ಷಿಸಿ ಹೋದರು, ಅಲ್ಲಾಡುತ್ತಿದೆಯೋ ಏನೋ ಎಂದು.

ಮೂರನೆಯ ದಿನ ಅತ್ತೆ ಅಚ್ಚಿನ ಕಡೆ ಬಗ್ಗಿ ನೋಡಿದರು.

"ಆ ಮುಂದಿನ ಹಲ್ಲು ಸೊಟ್ಟಗಿದೆ."

"ಬೇಕಂತಲೇ ಇಟ್ಟಿದ್ದು. ಆಯಮ್ಮನ ಹಲ್ಲು ಮೊದಲಿಂದಲೂ ಹಾಗೇ ಇತ್ತಂತೆ. ನೆಟ್ಟಗಾದ್ರೆ ಮನೆಯವರಿಗೆ ಗುರುತೇ ಸಿಗಲ್ಲ ಅಂದ್ರಂತೆ."

"ಹೂಂ," ಎಂದು ಅತ್ತೆ ಮುಖ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರು.

ಶುಕ್ರವಾರ ಸೆಟ್ಟು ಹೋಯಿತು. ಶನಿವಾರ ಬೆಳಿಗ್ಗೆ, ಅತ್ತೆ ಕೂತು ಸೊಸೆ ನಿಂತಿದ್ದಾಗಲೇ, ಫೋನು ಬಂತು. ಸೊಸೆ ಹೂಂ, ಸರಿ, ಆಯ್ತು ಅನ್ನುತ್ತಾ ಹೋದಳು. ಫೋನಿಟ್ಟವಳ ಕೆನ್ನೆ ಕೆಂಪಾಗಿತ್ತು.

"ಏನಂತೆ?" ಅತ್ತೆಗೆ ತಡೆಯಲಾಗಲಿಲ್ಲ.

"ಬಾಯಲ್ಲಿ ಸರಿಯಾಗಿ ಕೂತಿದೆಯಂತೆ. ಸೋಮವಾರ ಇನ್ನೂ ಆರು ಕಳಿಸ್ತಾರಂತೆ. ಆಮೇಲೆ ವಾರಾ ವಾರಾ ಆರಾರು."

"ಆರಾ!" ಅತ್ತೆ ಸೊಸೆಯ ಊದಿದ ಪಾದ ನೋಡಿದರು. "ಹೀಗೆ ನಿಂತ್ಕೊಂಡು ಎಷ್ಟು ದಿನ ಮಾಡ್ತೀಯ?"

"ನೀವು ಕೂತಿರೋಷ್ಟು ದಿನ."

ಮಾವ ಪೇಪರಿನ ಪುಟ ತಿರುಗಿಸುವುದನ್ನು ನಿಲ್ಲಿಸಿದರು. ಅತ್ತೆ ಲೋಟದ ತಳದಲ್ಲಿದ್ದ ತಣ್ಣನೆ ಟೀ ಮುಗಿಸಿದರು, ಶಾಲು ಮಡಚಿ ಹೆಗಲಿಗೆ ಹಾಕಿಕೊಂಡರು, ಎರಡೂ ಕೈ ಮೇಜಿಗೆ ಊರಿ ಎದ್ದರು.

"ಕಾಲು ಜೋಮು ಹಿಡಿದಿದೆ, ಅದಕ್ಕೆ ಏಳ್ತಿದ್ದೀನಿ," ಎಂದರು. "ಸೋತು ಅಲ್ಲ."

"ಗೊತ್ತು ಅತ್ತೆ," ಎಂದಳು ಸೊಸೆ. ಕುರ್ಚಿ ಇನ್ನೂ ಬೆಚ್ಚಗಿರುವಾಗಲೇ ಕೂತಳು.